ಟ್ರಂಕಿನ ತಳದಲ್ಲಿ ಒಂದು ಪದಕ

ಹೊರ್ತಿಯ ಒಂದು ಮನೆಯಲ್ಲಿ ಒಂದು ಸಂಜೆ ಎಂದು ಊಹಿಸಿಕೊಳ್ಳಿ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಸದ್ದು. ನಿಂಬೆ ತೋಟದಿಂದ ಜನ ಮನೆಗೆ ಮರಳುವ ಹೊತ್ತು. ಹಬ್ಬ ಹತ್ತಿರ ಬಂತೆಂದು ಮನೆ ಸಾರಿಸಲು ಹೊರಟವರು ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿದ್ದಾರೆ. ಶಾಲೆ ಬಿಟ್ಟು ಬಂದ ಮೊಮ್ಮಗಳು ಅದರೊಳಗೆ ಕೈ ಹಾಕುತ್ತಾಳೆ. ಮಾಸಿದ ಇಳಕಲ್ಲ ಸೀರೆ, ಹೊಲದ ಹಳೆಯ ಕಾಗದ, ಒಂದು ಮುರಿದ ಕನ್ನಡಕ. ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ದುಂಡನೆಯ ಬೆಳ್ಳಿ ಬಿಲ್ಲೆ.

ಒಂದು ಮಗ್ಗುಲಿಗೆ ರಾಜನ ತಲೆ. ಇನ್ನೊಂದು ಮಗ್ಗುಲಿಗೆ ಕುದುರೆ ಸವಾರ. ಅಂಚಿನಲ್ಲಿ ಇರುವೆ ಸಾಲಿನಂತೆ ಸಣ್ಣ ಅಕ್ಷರಗಳು.

“ಮುತ್ಯಾ, ಇದು ಯಾರದು?”

“ನಮ್ಮ ಮುತ್ಯಾನ ಅಣ್ಣಂದಂತ. ದಂಡಿಗೆ ಹೋಗಿದ್ನಂತ.”

“ಎಲ್ಲಿಗೆ?”

“ಬಸ್ರಾಕ್ಕ ಅಂತಿದ್ರು.”

“ಆಮ್ಯಾಲೆ?”

“ಆಮ್ಯಾಲೆ ಗೊತ್ತಿಲ್ಲ ನೋಡವ್ವಾ.”

ಮಕ್ಕಳೇ, ಈ ಬರಹ ಆ “ಗೊತ್ತಿಲ್ಲ” ಎಂಬ ಮಾತಿನ ಬಗ್ಗೆ. ಈ ಸಂಜೆ ನಾನು ಕಲ್ಪಿಸಿಕೊಂಡದ್ದು. ಆದರೆ ಅಂಥ ಪದಕ ಕಲ್ಪನೆಯಲ್ಲ. ಮೊದಲ ಮಹಾಯುದ್ಧದಲ್ಲಿ ದುಡಿದ ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕೊಟ್ಟದ್ದು ಇಂಥದೇ ಪದಕ. ಅದರ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಲ್ಟಣ ಎಲ್ಲವನ್ನೂ ಕೊರೆದಿರುತ್ತಿದ್ದರು. ಪದಕ ಉಳಿದಿದೆ, ಅದರ ಕಥೆ ಎಲ್ಲಿ ಹೋಯಿತು?

ಬಸ್ರಾಕ್ಕೆ ಹೋದವರು

1914ರಲ್ಲಿ ಯುದ್ಧ ಶುರುವಾದಾಗ ನಮ್ಮ ವಿಜಯಪುರ, ಬೆಳಗಾವಿ, ಧಾರವಾಡ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆಳುವವರು ಇಂಗ್ಲಿಷರು. ಯುದ್ಧ ಅವರದು, ಸೈನ್ಯ ಮಾತ್ರ ಬಹಳಮಟ್ಟಿಗೆ ನಮ್ಮ ಹಳ್ಳಿಗಳದು. ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋದರು. ಬಂದೂಕು ಹಿಡಿದವರಷ್ಟೇ ಅಲ್ಲ, ಹೇಸರಗತ್ತೆ ಹೊಡೆಯುವವರು, ಅಡುಗೆಯವರು, ನೀರು ಹೊರುವವರು, ಗಾಯಗೊಂಡವರನ್ನು ಡೋಲಿಯಲ್ಲಿ ಹೊತ್ತವರು ಕೂಡ ಹೋದರು. 74 ಸಾವಿರ ಜನ ತಿರುಗಿ ಬರಲಿಲ್ಲ.

ಯಾಕೆ ಹೋದರು? ಕೆಲವರಿಗೆ ಅದು ಮನೆತನದ ವೃತ್ತಿ. ಬಹಳ ಜನರಿಗೆ ಹೊಟ್ಟೆಯ ಪ್ರಶ್ನೆ. ಮಳೆಯನ್ನೇ ನಂಬಿದ ಎರೆಹೊಲದ ನಾಡಿನಲ್ಲಿ ತಿಂಗಳ ಪಗಾರ ಎಂದರೆ ಎಷ್ಟು ದೊಡ್ಡ ಮಾತು ಎಂಬುದನ್ನು ನಿಮ್ಮ ಮುತ್ಯಾ ಹೇಳಬಲ್ಲರು. ಯುದ್ಧಕ್ಕೆ ನೆರವಾದರೆ ಇಂಗ್ಲಿಷರು ನಮಗೆ ಸ್ವರಾಜ್ಯ ಕೊಟ್ಟಾರು ಎಂಬ ಆಸೆಯೂ ಇತ್ತು. ಅಹಿಂಸೆಯ ಗಾಂಧೀಜಿಯವರೇ 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ತಿರುಗಿ, ಸೈನ್ಯ ಸೇರಿರಿ ಎಂದು ಜನರನ್ನು ಕೇಳಿಕೊಂಡಿದ್ದರು.

ಮುಂಬಯಿ ಪ್ರಾಂತ್ಯದ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋದವು. ಬಸ್ರಾ ಅಲ್ಲಿಯ ಬಂದರು. ಟೈಗ್ರಿಸ್ ನದಿಯ ದಂಡೆಯ ಕೂಟ್ ಎಂಬ ಊರಿನಲ್ಲಿ ಆ ಸೈನ್ಯವನ್ನು ತುರ್ಕರು ಮುತ್ತಿದರು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ, ಐದು ತಿಂಗಳ ಹತ್ತಿರ ಮುತ್ತಿಗೆ. ದವಸ ಮುಗಿಯಿತು. ಕುದುರೆಗಳನ್ನು ಕೊಂದು ತಿನ್ನುವ ಗತಿ ಬಂತು. ಕೊನೆಗೆ ಶರಣಾಗಬೇಕಾಯಿತು. ಸೆರೆ ಸಿಕ್ಕವರಲ್ಲಿ ಎಷ್ಟೋ ಜನ ಮರಳುಗಾಡಿನ ನಡಿಗೆಯಲ್ಲೇ ಸತ್ತರು.

ಅಲ್ಲಿ ಸತ್ತು ಸಮಾಧಿಯೂ ಸಿಗದವರಿಗಾಗಿ ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. 40 ಸಾವಿರಕ್ಕೂ ಹೆಚ್ಚು ಜನರ ನೆನಪಿನ ಸ್ಮಾರಕ ಅದು. ಇಂಗ್ಲಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತದವರದು? ಅಧಿಕಾರಿಗಳ ಹೆಸರು ಮಾತ್ರ ಕೆತ್ತಿದರು. ಸಾಮಾನ್ಯ ಸಿಪಾಯಿಗಳನ್ನು ಇಂಥ ಪಲ್ಟಣದ ಇಷ್ಟು ಜನ ಎಂದು ಬರೆದು ಮುಗಿಸಿದರು.

ಮಕ್ಕಳೇ, ನಿಮ್ಮ ಶಾಲೆಯ ಹಾಜರಿಯಲ್ಲಿ ಗುರುಗಳು ನಿಮ್ಮ ಹೆಸರು ಕೂಗದೆ “ಏಳನೇ ತರಗತಿ, 32 ಜನ” ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರೆ ಹೇಗಾದೀತು? ಹಾಗೆ. ಈ ತಪ್ಪನ್ನು ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಒಂದು ನೂರು ವರ್ಷದ ಮೇಲೆ!

ಇನ್ನೊಂದು ದೇಶದ ಟ್ರಂಕು

ಕೂಟ್ ಮುತ್ತಿಗೆಯನ್ನು ಬಿಡಿಸಲು ಹೊರಟ ಸೈನ್ಯದಲ್ಲಿ, ಅದೇ ಟೈಗ್ರಿಸ್ ನದಿಯ ಕೆಸರಿನಲ್ಲಿ, ನಮ್ಮವರ ಜೊತೆಗೇ ಒಂದು ಬಿಳಿಯರ ಪಲ್ಟಣವೂ ಇತ್ತು. ಅದರ ಹೆಸರು ಕನಾಟ್ ರೇಂಜರ್ಸ್. ಅವರು ಇಂಗ್ಲಿಷರ ಸಮವಸ್ತ್ರ ತೊಟ್ಟಿದ್ದರು, ಆದರೆ ಇಂಗ್ಲಿಷರಲ್ಲ. ಅವರು ಐರ್ಲೆಂಡಿನವರು.

ಭೂಪಟದಲ್ಲಿ ಇಂಗ್ಲೆಂಡಿನ ಎಡಕ್ಕೆ ಕಾಣುವ ಹಸಿರು ದ್ವೀಪವೇ ಐರ್ಲೆಂಡ್. ಆಗ ಅದೂ ನಮ್ಮಂತೆ ಇಂಗ್ಲಿಷರ ಕೈಯಲ್ಲಿತ್ತು. ಅಲ್ಲಿಯ ಜನರಿಗೂ ಸ್ವರಾಜ್ಯ ಬೇಕಾಗಿತ್ತು. ಯುದ್ಧದಲ್ಲಿ ನೆರವಾದರೆ ಸ್ವರಾಜ್ಯ ಸಿಕ್ಕೀತು ಎಂದು ಜಾನ್ ರೆಡ್ಮಂಡ್ ಎಂಬ ನಾಯಕ ಯುವಕರನ್ನು ಸೈನ್ಯಕ್ಕೆ ಕರೆದ. ಬಡತನವೂ ಕರೆಯಿತು. 2 ಲಕ್ಷಕ್ಕೂ ಹೆಚ್ಚು ಐರಿಷ್ ಜನ ಯುದ್ಧಕ್ಕೆ ಹೋದರು. ಸುಮಾರು 35 ಸಾವಿರ ಜನ ಸತ್ತರೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ.

ಅವರು ಹೊರಟಾಗ ಊರ ಜನ ಬ್ಯಾಂಡು ಬಾರಿಸಿ ಬೀಳ್ಕೊಟ್ಟಿದ್ದರು. ಆದರೆ ಅವರು ದೂರದಲ್ಲಿ ಕಾದಾಡುತ್ತಿದ್ದಾಗ ಮನೆಯಲ್ಲಿ ಗಾಳಿ ತಿರುಗಿತು. 1916ರ ಈಸ್ಟರ್ ಹಬ್ಬದ ವಾರ ಡಬ್ಲಿನ್ ನಗರದಲ್ಲಿ ಸ್ವಾತಂತ್ರ್ಯಕ್ಕಾಗಿ ದಂಗೆ ಎದ್ದಿತು. ಅದರ ಮುಂದಾಳುಗಳನ್ನು ಇಂಗ್ಲಿಷರು ಗುಂಡಿಟ್ಟು ಕೊಂದರು. ಆ ದಿನದಿಂದ ಐರಿಷ್ ಜನರ ಮನಸ್ಸು ಇಂಗ್ಲಿಷರ ಮೇಲೆ ಪೂರ್ತಿ ಮುರಿಯಿತು. ನಮ್ಮಲ್ಲಿ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಆದ ಹತ್ಯೆಯ ಮೇಲೆ ನಮ್ಮ ಜನರ ಮನಸ್ಸು ಮುರಿದಂತೆಯೇ.

ಈಗ ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕನ ಪಾಡು ನೋಡಿ. ಹೋದಾಗ ವೀರ, ಬಂದಾಗ ವೈರಿಯ ಚಾಕರಿ ಮಾಡಿದವ! ಅವನು ಬದಲಾಗಿರಲಿಲ್ಲ, ಊರು ಬದಲಾಗಿತ್ತು. ಮೊದಲ ಕೆಲವು ವರ್ಷ ಡಬ್ಲಿನ್ನಿನಲ್ಲಿ ಸ್ಮರಣೆಯ ದಿನ ದೊಡ್ಡ ಜನ ಸೇರುತ್ತಿದ್ದರು. ಬರಬರುತ್ತ ಅದೂ ಕುಗ್ಗಿತು. ಬಹಳ ಮನೆಗಳಲ್ಲಿ ಪದಕ ಟ್ರಂಕಿನ ತಳ ಸೇರಿತು. ಮಕ್ಕಳು ಕೇಳಲಿಲ್ಲ, ಅಪ್ಪಂದಿರು ಹೇಳಲಿಲ್ಲ.

ಎಲ್ಲರೂ ಒಂದೇ ದಾರಿ ಹಿಡಿದರು ಎಂದಲ್ಲ. ಫ್ರಾನ್ಸಿಸ್ ಲೆಡ್ವಿಜ್ ಎಂಬ ಕವಿ ಇದ್ದ. ರಸ್ತೆ ದುರಸ್ತಿಯ ಕೂಲಿ ಮಾಡಿದವನು. ಸೈನ್ಯ ಸೇರಿದ. ದಂಗೆಯಲ್ಲಿ ಪ್ರಾಣ ತೆತ್ತ ತನ್ನ ಕವಿಮಿತ್ರನಿಗಾಗಿ ಅದೇ ಇಂಗ್ಲಿಷರ ಸಮವಸ್ತ್ರದಲ್ಲೇ ಶೋಕಗೀತೆ ಬರೆದ. 1917ರ ಜುಲೈ 31ರಂದು ಬೆಲ್ಜಿಯಂನಲ್ಲಿ ಶೆಲ್ ಸಿಡಿದು ಸತ್ತ. ಅವನ ಎದೆಯಲ್ಲಿ ಎರಡೂ ನೋವು ಇದ್ದವು. ಅವನಿಗೆ ಯಾವ ಹೆಸರು ಕೊಡುವಿರಿ, ದೇಶಭಕ್ತನೋ, ಅಲ್ಲವೋ?

ಕನಾಟ್ ರೇಂಜರ್ಸ್ ಕಥೆ ನಮ್ಮ ನೆಲದಲ್ಲೇ ನಡೆಯಿತು. ಯುದ್ಧದ ಮೇಲೆ ಅದರ 1ನೇ ಬಟಾಲಿಯನ್ ಪಂಜಾಬಿನ ಜಲಂಧರಿಗೆ ಬಂದಿತ್ತು. ತಮ್ಮ ಊರುಗಳಲ್ಲಿ ಇಂಗ್ಲಿಷ್ ಪಡೆ ನಡೆಸುತ್ತಿದ್ದ ದೌರ್ಜನ್ಯದ ಸುದ್ದಿ ಕೇಳಿ, 1920ರ ಜೂನ್ 28ರಂದು ಕೆಲವು ಸೈನಿಕರು ಬಂದೂಕು ಕೆಳಗಿಟ್ಟು, ನಾವು ದುಡಿಯುವುದಿಲ್ಲ ಎಂದರು. ಪ್ರತಿಭಟನೆ ಹಿಮಾಚಲದ ಸೋಲನ್‌ಗೂ ಹಬ್ಬಿತು. ಜೇಮ್ಸ್ ಡೇಲಿ ಎಂಬ ಯುವಕನನ್ನು ನವೆಂಬರ್ 2ರಂದು ದಗ್‌ಶಾಯಿ ಸೆರೆಮನೆಯಲ್ಲಿ ಗುಂಡಿಟ್ಟು ಕೊಂದರು. 50 ವರ್ಷದ ಮೇಲೆ, 1970ರಲ್ಲಿ, ಅವನ ಅಸ್ಥಿಯನ್ನು ಐರ್ಲೆಂಡಿಗೆ ಒಯ್ದು ಅವನ ಊರಿನಲ್ಲಿ ಗೌರವದಿಂದ ಮಣ್ಣು ಮಾಡಿದರು.

ಗಮನಿಸಿ. ಬಂದೂಕು ಕೆಳಗಿಟ್ಟ ಡೇಲಿಯನ್ನು ಐರ್ಲೆಂಡ್ ಮನೆಗೆ ಕರೆದುಕೊಂಡಿತು. ಅದೇ ಪಲ್ಟಣದಲ್ಲಿ ಬಂದೂಕು ಹಿಡಿದೇ ಸತ್ತವರ ಹೆಸರು ಹೇಳಲು ಮಾತ್ರ ಇನ್ನೂ ಹಿಂಜರಿಯುತ್ತಿತ್ತು.

ಕೈಯಿಂದ ಕಟ್ಟಿದ ತೋಟ

ಡಬ್ಲಿನ್ನಿನಲ್ಲಿ ಐಲಂಡ್‌ಬ್ರಿಜ್ ಎಂಬ ಜಾಗವಿದೆ. ಅಲ್ಲಿ 1930ರ ದಶಕದಲ್ಲಿ ಒಂದು ಸ್ಮಾರಕ ತೋಟ ಕಟ್ಟಿದರು. ನಕ್ಷೆ ಹಾಕಿದವರು ಎಡ್ವಿನ್ ಲುಟಿಯೆನ್ಸ್. ಈ ಹೆಸರು ಎಲ್ಲೋ ಕೇಳಿದಂತಿದೆಯೇ? ದೆಹಲಿಯ ಇಂಡಿಯಾ ಗೇಟ್ ಕೂಡ ಅವರದೇ ನಕ್ಷೆ. 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟಿನ ಗೋಡೆಗಳಲ್ಲಿ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಒಂದೇ ಕೈ ಎರಡು ದೇಶಗಳ ಸೈನಿಕರಿಗೆ ಕಲ್ಲಿನ ಮನೆ ಬರೆಯಿತು.

ಡಬ್ಲಿನ್ ತೋಟ ಕಟ್ಟಿದ ರೀತಿ ಚೆಂದ. ಯಂತ್ರಗಳನ್ನು ಬಳಸಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಬೇಡ ಎಂದರು. ಕೆಲಸವಿಲ್ಲದೆ ಕುಳಿತಿದ್ದ ಮಾಜಿ ಸೈನಿಕರಿಗೆ ಕೂಲಿ ಸಿಗಲಿ ಎಂದು ಆದಷ್ಟೂ ಕೈಯಿಂದಲೇ ಮಾಡಿಸಿದರು. ಅರ್ಧ ಜನ ಇಂಗ್ಲಿಷರ ಸೈನ್ಯದಲ್ಲಿದ್ದವರು, ಅರ್ಧ ಜನ ಹೊಸ ಐರಿಷ್ ಸೈನ್ಯದಲ್ಲಿದ್ದವರು. ಟನ್ನುಗಟ್ಟಲೆ ತೂಕದ ಗ್ರಾನೈಟ್ ಬಂಡೆಗಳನ್ನು ಕಂಬ, ಹಗ್ಗ ಹಾಕಿ ಎಳೆದರು. ಬೇರೆ ಬೇರೆ ಬಾವುಟದ ಕೆಳಗಿದ್ದವರು ಒಂದೇ ಹಗ್ಗ ಹಿಡಿದರು.

ಆ ತೋಟದ ಕಲ್ಲಿನ ಕೋಣೆಗಳಲ್ಲಿ ಎಂಟು ಸಂಪುಟಗಳ ಒಂದು ಪುಸ್ತಕವಿದೆ. ಹ್ಯಾರಿ ಕ್ಲಾರ್ಕ್ ಎಂಬ ಕಲಾವಿದ ಅದರ ಪುಟಗಳ ಅಂಚಿಗೆ ಚಿತ್ರ ಬರೆದಿದ್ದಾರೆ. ಒಳಗೆ 49 ಸಾವಿರಕ್ಕೂ ಹೆಚ್ಚು ಹೆಸರುಗಳು. ಐರಿಷ್ ಪಲ್ಟಣಗಳಲ್ಲಿದ್ದ ಬೇರೆ ಊರಿನವರ ಹೆಸರೂ ಸೇರಿರುವುದರಿಂದ ಸಂಖ್ಯೆ ದೊಡ್ಡದು.

ಆದರೆ ಕಲ್ಲು ನಿಲ್ಲಿಸಿದರೆ ನೆನಪು ನಿಲ್ಲುವುದಿಲ್ಲ. 1939ರಲ್ಲಿ ಆಗಬೇಕಿದ್ದ ಉದ್ಘಾಟನೆ ಎರಡನೇ ಮಹಾಯುದ್ಧದ ಮೋಡ ಕವಿದದ್ದರಿಂದ ಮುಂದಕ್ಕೆ ಹೋಯಿತು. ಮುಂದೆ ತೋಟವನ್ನು ಕೇಳುವವರಿಲ್ಲವಾಯಿತು. ಹುಲ್ಲು ಬೆಳೆಯಿತು. ನಗರದ ಕಸ ಸುರಿಯುವ ಜಾಗವಾಯಿತು. ನಮ್ಮ ಊರ ಹೊರಗಿನ ಹಾಳು ಗುಡಿಗಳ ಗತಿಯನ್ನು ನೆನೆಸಿಕೊಳ್ಳಿ. ಕೊನೆಗೆ 1980ರ ದಶಕದಲ್ಲಿ ದುರಸ್ತಿಯಾಗಿ, 1988ರ ಸೆಪ್ಟೆಂಬರ್ 10ರಂದು ತೋಟ ಮತ್ತೆ ತೆರೆಯಿತು.

ಎರಡನೇ ಯುದ್ಧವೂ ಇಂಥದೇ ಗಾಯ ಬಿಟ್ಟಿತು. ಆಗ ಐರ್ಲೆಂಡ್ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಹಿಟ್ಲರನ ವಿರುದ್ಧ ಕಾದಬೇಕೆಂದು ಸುಮಾರು 5 ಸಾವಿರ ಐರಿಷ್ ಸೈನಿಕರು ತಮ್ಮ ಸೈನ್ಯ ಬಿಟ್ಟು ಬ್ರಿಟಿಷ್ ಕಡೆ ಹೋದರು. ತಿರುಗಿ ಬಂದವರಿಗೆ ಪಿಂಚಣಿ ಇಲ್ಲ, ಏಳು ವರ್ಷ ಸರ್ಕಾರಿ ಕೆಲಸವಿಲ್ಲ ಎಂಬ ಶಿಕ್ಷೆ ಕಾದಿತ್ತು. 2013ರಲ್ಲಿ ಐರ್ಲೆಂಡಿನ ಸಂಸತ್ತು ಕಾನೂನು ಮಾಡಿ ಅವರನ್ನು ಕ್ಷಮಿಸಿತು. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು. ಕ್ಷಮೆ ಬಂತು, ಆದರೆ ಅದನ್ನು ಕೇಳಿಸಿಕೊಳ್ಳಬೇಕಾದ ಕಿವಿಗಳು ಇರಲಿಲ್ಲ.

ವರ್ಷಕ್ಕೊಮ್ಮೆ ಬೆಳಕು

ಐರ್ಲೆಂಡಿನ ಒಳಗೇ ಎರಡು ಗುಂಪುಗಳಿದ್ದವು. ಸ್ವರಾಜ್ಯ ಬೇಕೆನ್ನುವವರು ಒಂದು ಕಡೆ, ಇಂಗ್ಲಿಷ್ ಅರಸನೇ ಇರಲಿ ಎನ್ನುವವರು ಇನ್ನೊಂದು ಕಡೆ. ಮನೆಯಲ್ಲಿ ಮುಖ ಕೊಟ್ಟು ಮಾತಾಡದ ಈ ಇಬ್ಬರೂ 1917ರ ಜೂನ್‌ನಲ್ಲಿ ಬೆಲ್ಜಿಯಂನ ಮೆಸೀನ್ ಎಂಬಲ್ಲಿ ಭುಜಕ್ಕೆ ಭುಜ ಕೊಟ್ಟು ಹೋರಾಡಿದ್ದರು.

ಪ್ಯಾಡಿ ಹಾರ್ಟ್ ಮತ್ತು ಗ್ಲೆನ್ ಬಾರ್ ಎಂಬ ಇಬ್ಬರು ರಾಜಕಾರಣಿಗಳು, ಒಬ್ಬರು ಆ ಕಡೆಯವರು, ಒಬ್ಬರು ಈ ಕಡೆಯವರು, ಅಲ್ಲೇ ಒಂದು ಸ್ಮಾರಕ ಕಟ್ಟೋಣ ಎಂದು ಜೊತೆಯಾದರು. ಐರ್ಲೆಂಡಿನ ಹಳೆಯ ಮಠಗಳಲ್ಲಿ ಕಾಣುವಂಥ 110 ಅಡಿ ಎತ್ತರದ ದುಂಡು ಗೋಪುರ ಎದ್ದಿತು. ಅದಕ್ಕೆ ಕಲ್ಲು ಬಂದದ್ದು ಐರ್ಲೆಂಡಿನ ಹಳೆಯ ಕಟ್ಟಡಗಳಿಂದ. ಒಂದು ಬ್ರಿಟಿಷ್ ಸೈನ್ಯದ ಬ್ಯಾರಕ್ಕು, ಇನ್ನೊಂದು ದಿಕ್ಕಿಲ್ಲದ ಬಡವರನ್ನಿಟ್ಟು ದುಡಿಸುತ್ತಿದ್ದ ಮನೆ. ಯುದ್ಧ ನಿಂತದ್ದು 1918ರ 11ನೇ ತಿಂಗಳ 11ನೇ ದಿನ 11 ಗಂಟೆಗೆ. ಪ್ರತಿ ವರ್ಷ ಆ ದಿನ, ಆ ಹೊತ್ತಿಗೆ ಮಾತ್ರ ಸೂರ್ಯನ ಬೆಳಕು ಒಳಗೆ ಬೀಳುವಂತೆ ಗೋಪುರವನ್ನು ಕಟ್ಟಿದ್ದಾರೆ.

1998ರ ನವೆಂಬರ್ 11ರಂದು ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕಲೀಸ್ ಮತ್ತು ಇಂಗ್ಲೆಂಡಿನ ರಾಣಿ ಎಲಿಜಬೆತ್ ಅಲ್ಲಿ ಜೊತೆಯಾಗಿ ನಿಂತರು. 2011ರ ಮೇ 18ರಂದು ಅದೇ ಇಬ್ಬರು ಡಬ್ಲಿನ್ನಿನ ಆ ತೋಟದಲ್ಲಿ ಹೂವಿನ ಚಕ್ರ ಇಟ್ಟರು. ಹಿಂದಿನ ದಿನ ರಾಣಿ ಇಂಗ್ಲೆಂಡಿನ ವಿರುದ್ಧ ಹೋರಾಡಿ ಸತ್ತ ಐರಿಷ್ ಸ್ವಾತಂತ್ರ್ಯ ಯೋಧರ ಸ್ಮಾರಕದ ಮುಂದೆ ತಲೆಬಾಗಿದ್ದರು. ಒಂದನ್ನು ನೆನೆಯಲು ಇನ್ನೊಂದನ್ನು ಮರೆಯಬೇಕಿಲ್ಲ ಎಂದು ಎರಡು ದೇಶಗಳು ಕಲಿಯಲು ಇಷ್ಟು ವರ್ಷ ಬೇಕಾದವು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು

ನಮ್ಮ ಕಡೆಯ ಊರುಗಳಲ್ಲಿ ಹನುಮಪ್ಪನ ಗುಡಿಯ ಹಿಂದೆ, ಅಗಸಿ ಬಾಗಿಲ ಪಕ್ಕ ಒಂದು ಕೆತ್ತಿದ ಕಲ್ಲನ್ನು ನೀವು ನೋಡಿರಬಹುದು. ಅದು ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ವೀರ ಕಾದಾಡುತ್ತಿದ್ದಾನೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೆ ಈ ನೆನಪೂ ಇರಲಿ ಎಂಬ ಆಸೆ.

ಅರಸರಿಗಷ್ಟೇ ಈ ಕಲ್ಲಲ್ಲ. ದನ ಕದ್ದೊಯ್ಯುವವರನ್ನು ತಡೆದು ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಂತೂ ಒಂದು ನಾಯಿಯ ಕಥೆಯಿದೆ. ಮಣಲೆರ ಎಂಬ ವೀರನ ನಾಯಿ ಕಾಳಿ, ಕಾಡುಹಂದಿಯೊಂದಿಗೆ ಹೋರಾಡಿ ಸತ್ತಿತು. ಸಾವಿರ ವರ್ಷಕ್ಕೂ ಹಿಂದಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಪಾಪ ತಟ್ಟೀತು ಎಂದೂ ಬರೆಸಿದರು.

ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರು. ಅಂದರೆ ಹಿರಿಯರು ಮೂರು ಕೆಲಸ ಒಟ್ಟಿಗೆ ಮಾಡಿದರು. ಹೆಸರಿಗೆ ಕಲ್ಲು, ಕಲ್ಲಿಗೆ ದಿನದ ಪೂಜೆ, ಮನೆಯವರಿಗೆ ಅನ್ನ. ಡಬ್ಲಿನ್ ತೋಟಕ್ಕೆ ಕಲ್ಲು ಸಿಕ್ಕಿತ್ತು, ಕಟ್ಟುವವರಿಗೆ ಅನ್ನವೂ ಸಿಕ್ಕಿತ್ತು. ದಿನದ ಪೂಜೆ ತಪ್ಪಿದ್ದರಿಂದಲೇ ಅಲ್ಲಿ ಕಸ ಬಿದ್ದದ್ದು.

ಕನ್ನಡ ನಾಡಿನ ಇನ್ನೊಂದು ಪಡೆಗೆ ಇಂಥ ಮರು ನೆನಪು ಸಿಕ್ಕಿದೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ನಗರವನ್ನು ಗೆದ್ದಿತು. ಎದುರಿಗೆ ಮಷಿನ್ ಗನ್ನು, ಇವರ ಕೈಯಲ್ಲಿ ಭರ್ಜಿ, ಕತ್ತಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ಸವಾರರವು. ದಿನಾ ಸಾವಿರಾರು ಜನ ಅವುಗಳ ಮುಂದೆಯೇ ಹಾದುಹೋಗುತ್ತಿದ್ದರೂ, ಅವರು ಯಾರೆಂದು ಬಲ್ಲವರು ಕಡಿಮೆ. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಈ ವಾರ ಒಂದು ಕೆಲಸ

ದೊಡ್ಡವರಿಗೆ ಒಂದು ಮಾತು. ಅವರು ಇಂಗ್ಲಿಷರ ಪರವಾಗಿ ಹೋದವರಲ್ಲವೇ, ಅವರನ್ನು ಯಾಕೆ ನೆನೆಯಬೇಕು ಎಂದು ಕೆಲವರು ಕೇಳುತ್ತಾರೆ. ಯುದ್ಧವನ್ನು ಹೊಗಳಬೇಕಿಲ್ಲ. ಇಂಗ್ಲಿಷರನ್ನೂ ಹೊಗಳಬೇಕಿಲ್ಲ. ಮನೆಯಿಂದ ಹೊರಟ ಹುಡುಗನೊಬ್ಬ ತಿರುಗಿ ಬರಲಿಲ್ಲ. ಅವನ ತಾಯಿ ಬಾಗಿಲು ಕಾದಳು. ಇಷ್ಟನ್ನು ನೆನೆಯಲು ಯಾರ ಅಪ್ಪಣೆಯೂ ಬೇಡ.

ಮಕ್ಕಳೇ, ಈ ವಾರ ನೀವು ಹೀಗೆ ಮಾಡಿ.

1. ಮನೆಯ ಹಿರಿಯರನ್ನು ಕೇಳಿ: ನಮ್ಮ ಮನೆತನದಲ್ಲಿ, ನಮ್ಮ ಓಣಿಯಲ್ಲಿ ದಂಡಿಗೆ ಹೋದವರು ಯಾರು? ಮಹಾಯುದ್ಧಗಳಷ್ಟೇ ಅಲ್ಲ, 1962, 1965, 1971, ಕಾರ್ಗಿಲ್ ಎಲ್ಲವನ್ನೂ ಕೇಳಿ.

2. ಹೆಸರು, ಊರು, ಪಲ್ಟಣ, ಎಲ್ಲಿಗೆ ಹೋದರು, ಏನಾದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೇಳಿದವರ ಹೆಸರು, ತಾರೀಖನ್ನೂ ಬರೆಯಿರಿ.

3. ಪದಕ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಅಂಚಿನ ಅಕ್ಷರ ಸವೆದರೆ ಹೆಸರೇ ಹೋಗುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿದು ಓದಿ, ಫೋಟೊ ತೆಗೆಯಿರಿ. ತೂಕಕ್ಕೆ ಮಾರಬೇಡಿ ಎಂದು ಹಿರಿಯರಿಗೂ ಹೇಳಿ.

4. ಅಂಚಿನ ಅಕ್ಷರ ಓದಲು ಬಂದರೆ ಗುರುಗಳ ನೆರವಿನಿಂದ ಕಾಮನ್‌ವೆಲ್ತ್ ಆಯೋಗದ ಪಟ್ಟಿಯಲ್ಲಿ ಹುಡುಕಿ, ಅದು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಪತ್ರ ಬರೆಯಬಹುದು. ಮರಾಠಾ ಲಘು ಪದಾತಿ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ.

5. ಊರಿನ ವೀರಗಲ್ಲಿಗೆ ಸುಣ್ಣ, ಎಣ್ಣೆ ಬಣ್ಣ ಬಳಿಯಬೇಡಿ. ಸುತ್ತಲಿನ ಮುಳ್ಳು ತೆಗೆದು ಸ್ವಚ್ಛ ಮಾಡಿ, ಸಾಕು.

ಮತ್ತೆ ಹೊರ್ತಿಯ ಆ ಮನೆಗೆ ಬರೋಣ. ಮೊಮ್ಮಗಳು ಪದಕವನ್ನು ಬೆಳಕಿಗೆ ಹಿಡಿದಿದ್ದಾಳೆ. ಮುತ್ಯಾ ಕನ್ನಡಕ ಏರಿಸುತ್ತಾರೆ. ಅಕ್ಷರ ಇಂಗ್ಲಿಷಿನದು, ಅವರಿಗೆ ಓದಲು ಬಾರದು. ಅವಳಿಗೆ ಬರುತ್ತದೆ. ಒಂದೊಂದೇ ಅಕ್ಷರ ಕೂಡಿಸಿ ಅವಳು ಹೆಸರನ್ನು ಗಟ್ಟಿಯಾಗಿ ಓದುತ್ತಾಳೆ. ಆ ಮನೆಯಲ್ಲಿ ಆ ಹೆಸರನ್ನು ಯಾರಾದರೂ ಕೂಗಿ ಎಷ್ಟು ವರ್ಷವಾಗಿತ್ತೋ!

“ಹೌದವ್ವಾ,” ಎನ್ನುತ್ತಾರೆ ಮುತ್ಯಾ, “ಅವನೇ. ಈಗ ನೆನಪಾತು, ನಮ್ಮಾಯಿ ಅವನ ಸುದ್ದಿ ಹೇಳತಿದ್ಳು. ಕುಂದರು, ಹೇಳತೀನಿ.”